ಹುಳ ತಿಂದು ಬಿಟ್ಟ ಸೋಲ್ ರಿಕಾರ್ಡು

ಕಿವಿ ಸರಿಯಿಲ್ಲದವರು ಸಂಗೀತದ ಬಗ್ಗೆ ಮಾತಾಡಬಾರದು ಎಂದು ಈ ದೇಶದಲ್ಲಿ ಕಾನೂನಿಲ್ಲ. ಇದ್ದಿದ್ದರೆ ನಾನು ಬಚಾವಾಗುತ್ತಿದ್ದೆ. ಕೊಟ್ಟೂರಿನಲ್ಲಿ ಗುಮಾಸ್ತನಾಗಿ ಸವೆದು ನಿವೃತ್ತನಾದವನು ನಾನು. ಅಷ್ಟೂ ವರ್ಷ ನಾನು ಬಾಯಿ ತೆರೆದರೆ ಸಾಹೇಬರು ಗಡಿಯಾರ ನೋಡುತ್ತಿದ್ದರು. ಮನೆಯಲ್ಲಿ ಮಾತು ತೆಗೆದರೆ ಹೆಂಡತಿ ಪಾರ್ವತಿ ಮಿಕ್ಸಿ ಹಾಕುತ್ತಿದ್ದಳು. ನಿವೃತ್ತಿಯಾದ ಮೇಲೆ ನನಗೆ ಬೇಕಾಗಿದ್ದು ಇಷ್ಟೇ, ನನ್ನ ಮಾತಿಗೆ ಹೂಂ ಎನ್ನುವ ನಾಲ್ಕು ಜನ. ಅವರು ಸಿಕ್ಕಿದ್ದು ಹಳೆಯ ಗ್ರಾಮಫೋನ್ ರಿಕಾರ್ಡು ಕೂಡಿಡುವವರ ಒಂದು ಮೊಬೈಲ್ ಗುಂಪಿನಲ್ಲಿ. ಅಲ್ಲಿ ಎಲ್ಲರೂ ಎಲ್ಲರಿಗೂ 'ಸರ್' ಎನ್ನುತ್ತಾರೆ. ಸೇರಿದ ಮೊದಲ ದಿನವೇ ನನ್ನನ್ನು ಮೂರು ಸಲ ಸರ್ ಎಂದರು. ಸುಳ್ಳು ಯಾಕೆ ಹೇಳಲಿ, ಕಣ್ಣು ತುಂಬಿ ಬಂತು.

ಗುಂಪಿನಲ್ಲಿ ಮರ್ಯಾದೆಯಿಂದ ಉಳಿಯಬೇಕೆಂದರೆ ಕೈಯಲ್ಲಿ ಒಂದಾದರೂ ರಿಕಾರ್ಡು ಬೇಕಲ್ಲ. ಹರಪನಹಳ್ಳಿಯ ಗುಜರಿ ಅಂಗಡಿಯೊಂದರಲ್ಲಿ, ತುಕ್ಕು ಹಿಡಿದ ಟ್ರಂಕಿನ ತಳದಲ್ಲಿ ಒಂದು ಸಿಕ್ಕಿತು. ಹಡಗಲಿ ಕಡೆ ಯಾರೋ ಹಳೇ ಮನೆ ಕೆಡವಿದಾಗ ಬಂದ ಸಾಮಾನಂತೆ. ನಡುವಿನ ಚೀಟಿಯನ್ನು ಹುಳ ತಿಂದು, ಎಸ್ ಮತ್ತು ಓ ಎಂಬ ಎರಡು ಇಂಗ್ಲಿಷ್ ಅಕ್ಷರಗಳನ್ನು ಮಾತ್ರ ನನ್ನ ಪಾಲಿಗೆ ಬಿಟ್ಟಿತ್ತು. ಮನೆಗೆ ತಂದು, ಅದೇ ಅಂಗಡಿಯಲ್ಲಿ ಕೊಂಡಿದ್ದ ಸೂಟ್‌ಕೇಸಿನಂಥ ಪ್ಲೇಯರಿಗೆ ಹಾಕಿದೆ. ಅದರಲ್ಲಿ ವೇಗ ಬದಲಿಸುವ ಗುಂಡಿಯೊಂದಿದೆ. ಅದು ನಿಮಿಷಕ್ಕೆ ನಲವತ್ತೈದು ಸುತ್ತಿಗೆ ಕಚ್ಚಿಕೊಂಡು ಅಲ್ಲಾಡುವುದಿಲ್ಲ. ಅದು ದೊಡ್ಡ ವಿಷಯವೆಂದು ನನಗೆ ಅನ್ನಿಸಲಿಲ್ಲ. ತಟ್ಟೆ ತಿರುಗಿತು, ಬಾವಿಯೊಳಗಿಂದ ಬಂದಂಥ ಗಂಡು ದನಿಯೊಂದು ನಿಧಾನವಾಗಿ ನರಳತೊಡಗಿತು. ಒಂದು ಮಾತೂ ತಿಳಿಯಲಿಲ್ಲ. ತಿಳಿಯದ್ದರಿಂದ ಇದು ಇಂಗ್ಲಿಷೇ ಇರಬೇಕೆಂದು ತೀರ್ಮಾನಿಸಿದೆ. ಕಚೇರಿಯಲ್ಲೂ ನನ್ನ ಪದ್ಧತಿ ಅದೇ ಆಗಿತ್ತು.

ಆ ಹಾಡನ್ನು ಮೊಬೈಲಿನಲ್ಲಿ ಹಿಡಿದು, ಹುಳ ಬಿಟ್ಟ ಎರಡು ಅಕ್ಷರವನ್ನೂ ಹಡಗಲಿಯ ಕಥೆಯನ್ನೂ ಬರೆದು ಗುಂಪಿಗೆ ಕಳಿಸಿದೆ. ಗುಂಪಿನ ಹಿರಿಯರೊಬ್ಬರಿದ್ದಾರೆ, ಅಲ್ಲಿ ಅವರು ಹೇಳಿದ್ದೇ ಕೊನೆಯ ಮಾತು. ಹತ್ತು ನಿಮಿಷದಲ್ಲಿ ತೀರ್ಪು ಬಂತು. ಇದು ಸೋಲ್ ಸಂಗೀತ, ಅಮೆರಿಕದ ಕಪ್ಪು ಜನ ತಮ್ಮ ಸಂಕಟ ತೋಡಿಕೊಂಡು ಹಾಡಿದ್ದು, ಸೋಲ್ ಎಂದರೆ ಆತ್ಮ. ಎಸ್, ಓ ಆದ ಮೇಲೆ ಯು, ಎಲ್ ಅಲ್ಲದೆ ಇನ್ನೇನು ಬಂದೀತು? ಈ ಗಾಯಕನ ದನಿಯನ್ನು ತಾವು ಎಲ್ಲೂ ಕೇಳಿಲ್ಲ, ಆದ್ದರಿಂದ ಅತ್ಯಂತ ಅಪರೂಪದ್ದು. ಇದರ ಮೂಲ ಯಾವುದು, ಹಡಗಲಿಗೆ ಹೇಗೆ ಬಂತು ಎಂದು ಪತ್ತೆ ಮಾಡಿ, ಬರುವ ಭಾನುವಾರ ಬೆಳಿಗ್ಗೆ ಗುಂಪಿನ ಮುಂದೆ ವಿಡಿಯೊದಲ್ಲಿ ಉಪನ್ಯಾಸ ಕೊಡಬೇಕು ಎಂದರು. ಅಲ್ಲಿಯವರೆಗೆ ನಾನು ಯಾರಿಗಾದರೂ ಏನಾದರೂ ಕೊಟ್ಟಿದ್ದರೆ ಅದು ರಜೆ ಅರ್ಜಿ. ಉಪನ್ಯಾಸ ಎಂದ ಕೂಡಲೇ ಪಾರ್ವತಿಗೆ ಬಿಳಿ ಅಂಗಿ ಇಸ್ತ್ರಿಗೆ ಕೊಡಲು ಹೇಳಿದೆ.

ಮೊದಲು ಕೂಡ್ಲಿಗಿಗೆ ಹೋಗಿ, ಪರಿಚಯದ ನಿವೃತ್ತ ಇಂಗ್ಲಿಷ್ ಮೇಷ್ಟ್ರಿಗೆ ಹಾಡು ಕೇಳಿಸಿದೆ. ತಮಗೆ ತಿಳಿಯಲಿಲ್ಲ ಎಂದರೆ ಅವರ ಇಡೀ ಸರ್ವಿಸಿನ ಮಾನ ಹೋಗುತ್ತದೆ. ಕಣ್ಣು ಮುಚ್ಚಿ ಎರಡು ಸಲ ಕೇಳಿ, ಹೊಳೆ ಬಂದಿದೆ, ದೋಣಿ ಮುಳುಗಿದೆ, ತಾಯಿ ದಡದಲ್ಲಿ ಕಾಯುತ್ತಿದ್ದಾಳೆ ಎಂದು ಕನ್ನಡದಲ್ಲಿ ಅರ್ಥ ಬರೆದುಕೊಟ್ಟರು. ಓದಿ ನಾನೂ ಅತ್ತೆ, ಅವರೂ ಅತ್ತರು. ಚಹಾ ತಂದ ಅವರ ಮನೆಯವರು ಗಾಬರಿಯಾಗಿ, ಯಾರು ಹೋದರು ಎಂದು ಕೇಳಿದರು.

ಅರ್ಥವೇನೋ ಸಿಕ್ಕಿತು, ಮೂಲ ಸಿಗಲಿಲ್ಲ. ಶನಿವಾರ ಹಗರಿಬೊಮ್ಮನಹಳ್ಳಿಗೆ ಹೋದೆ. ಒಂದು ಕಾಲಕ್ಕೆ ಸುತ್ತಿನ ಊರುಗಳ ಮದುವೆಗಳಿಗೆಲ್ಲ ಮೈಕ್ ಸೆಟ್ ಕಟ್ಟುತ್ತಿದ್ದ ಖಾದರ್ ಸಾಹೇಬರು ಅಲ್ಲಿದ್ದಾರೆ. ಸೋಲ್ ರಿಕಾರ್ಡು ಎಂದಾಗ ಅವರಿಗೆ ಸೋಲು ಎಂದು ಕೇಳಿಸಿತು.

"ಸೋತವರು ಎದಕ್ಕ ರಿಕಾರ್ಡ್ ಹಾಕಸ್ತಾರ್ರಿ? ಎಲೆಕ್ಷನ್‌ದಾಗ ಗೆದ್ದವರು ಮೈಕ್ ಕಟ್ಟಸ್ತಾರ, ಸೋತವರು ಫೋನೂ ಎತ್ತಂಗಿಲ್ಲ" ಎಂದರು.

ನಾನು ಅಮೆರಿಕ, ಆತ್ಮ, ಹೊಳೆ, ದೋಣಿ ಎಲ್ಲ ವಿವರಿಸಿದೆ. ಅವರು ತಟ್ಟೆಯನ್ನು ಕೈಯಲ್ಲಿ ತೂಗಿ ನೋಡಿ, ಉಗುರಿನಿಂದ ಮೆಲ್ಲಗೆ ಬಡಿದರು. "ಇದು ಎಪ್ಪತ್ತೆಂಟರ ಪ್ಲೇಟ್ ಐತ್ರಿ. ನೀವು ನಲವತ್ತೈದಕ್ಕ ತಿರುಗಿಸೀರಿ" ಎಂದವರು ತಮ್ಮ ಹಳೆಯ ಗ್ರಾಮಫೋನ್ ಪೆಟ್ಟಿಗೆಗೆ ಹಾಕಿದರು. ನನ್ನ ಗಂಡು ಗಾಯಕ ಒಂದೇ ಕ್ಷಣಕ್ಕೆ ಹೆಂಗಸಾದ. ಹೆಂಗಸು ಅಚ್ಚ ಕನ್ನಡದಲ್ಲಿ, ಗಂಡಿನ ಕಡೆಯ ಬೀಗರು ಹೋಳಿಗೆಯನ್ನು ತಿಂದದ್ದೆಷ್ಟು, ಟವೆಲಿನಲ್ಲಿ ಗಂಟು ಕಟ್ಟಿದ್ದೆಷ್ಟು ಎಂದು ನಗುನಗುತ್ತಾ ಜರೆಯುತ್ತಿದ್ದಳು. ನಮ್ಮ ಕಡೆ ಮದುವೆಗಳಲ್ಲಿ ಹೆಣ್ಣಿನ ಕಡೆಯವರು ಬೀಗರನ್ನು ಕೂರಿಸಿ ಮರ್ಯಾದೆ ತೆಗೆಯುವ ಸೋಬಾನ ಪದ. ಎಸ್, ಓ ಆದ ಮೇಲೆ ಬಿ, ಎ, ಎನ್, ಎ ಕೂಡ ಬರಬಹುದೆಂದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಹೊಸದಾಗಿ ಮೊಬೈಲಿನಲ್ಲಿ ಹಿಡಿದುಕೊಂಡು ಮನೆಗೆ ಬಂದೆ. ಪಾರ್ವತಿ ಕೇಳಿದಳು, ಮುಂದಿನ ನುಡಿಯನ್ನು ರಿಕಾರ್ಡಿಗಿಂತ ಮೊದಲೇ ತಾನೇ ಹಾಡಿದಳು, ಆಮೇಲೆ ಸೆರಗು ಬಾಯಿಗೆ ಹಚ್ಚಿ ಕುಳಿತುಬಿಟ್ಟಳು. ನನಗೆ ನಗು ಬರಲಿಲ್ಲ. ನಾಳೆ ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೆ ಗೊತ್ತಾಗುತ್ತದೆ, ಇಂಗ್ಲಿಷ್ ಮೇಷ್ಟ್ರ ದೋಣಿಯನ್ನೇ ಮುಳುಗಿಸಿ ಉಪನ್ಯಾಸ ಮುಗಿಸಿದರಾಯಿತು ಎಂದು ಯೋಚಿಸಿದೆ. ನಿಜ ಹೇಳಿದರೆ ಮತ್ತೆ ನನ್ನನ್ನು ಸರ್ ಎನ್ನುವವರು ಯಾರು? ಅರವತ್ತರ ಮೇಲೆ ಸಿಕ್ಕ ಸರ್ ಅದು, ಬಿಡಲು ಮನಸ್ಸಾಗಲಿಲ್ಲ.

"ಹೇಳಿಬಿಡ್ರಿ. ಆ ಹೆಣ್ಮಗಳು ಎಷ್ಟು ಚಂದ ಹಾಡ್ಯಾಳ. ಅಕಿನ್ನ ಗಂಡಸು ಮಾಡಿ ಅಮೆರಿಕಾಕ್ಕ ಕಳಸ್ತೀರೇನು?" ಎಂದಳು ಪಾರ್ವತಿ.

ಇಸ್ತ್ರಿ ಅಂಗಿ ಹಾಕಿಕೊಂಡು ಭಾನುವಾರ ಹೇಳಿಬಿಟ್ಟೆ. ಎರಡೂ ವೇಗದಲ್ಲಿ ಕೇಳಿಸಿದೆ. ಪರದೆಯ ಮೇಲಿನ ಇಪ್ಪತ್ತು ಮುಖಗಳು ಹಿರಿಯರ ತೀರ್ಪಿಗೆ ಕಾದವು. ಆಮೇಲೆ ಹಿರಿಯರು ಕೆಮ್ಮಿ, ವೇಗ ಯಾವುದಾದರೇನು, ಆತ್ಮ ಒಂದೇ, ಇದು ಅಪರೂಪದ್ದೆಂದು ತಾವು ಆವತ್ತೇ ಹೇಳಿದ್ದೆವಲ್ಲ ಎಂದರು. ಎಲ್ಲರೂ ಅವರಿಗೆ ಚಪ್ಪಾಳೆ ತಟ್ಟಿದರು. ಕೊನೆಯ ನುಡಿ ಸವೆದುಹೋಗಿದೆ, ಅದರಲ್ಲಿ ಏನಿದೆ ಸರ್ ಎಂದು ಒಬ್ಬರು ಕೇಳಿದರು. ಮೊಬೈಲನ್ನು ಪಾರ್ವತಿಯ ಕಡೆ ತಿರುಗಿಸಿದೆ. ಅವಳು ನಾಚಿಕೊಳ್ಳದೆ ಹಾಡಿ ತೋರಿಸಿ, ಅರ್ಥವನ್ನೂ ಹೇಳಿದಳು.

"ಮದುಮಗ ಕೋಲಿಬಸವ, ಡೋಲು ಬಡಿದ್ರ ತಲಿ ಅಲ್ಲಾಡಸೋದು ಬಿಟ್ಟು ಏನೂ ಬರಂಗಿಲ್ಲ ಅಂತ ಐತ್ರಿ ಇದ್ರಾಗ. ನಮ್ಮ ಮದುವ್ಯಾಗ ನನ್ನ ತವರು ಚಿಗಟೇರಿ ಹೆಣ್ಮಕ್ಕಳು ನಮ್ಮ ಯಜಮಾನ್ರ ಮುಂದ ನಿಂತು ಇದನ್ನ ಹಾಡಿದ್ರು. ಹೊಗಳಾಕತ್ತಾರ ಅಂತ ತಿಳಕೊಂಡು ಇವರು ಹಾಡು ಮುಗಿಯೋತನಕ ತಲಿ ಅಲ್ಲಾಡಿಸಿದ್ರು."

ಇಪ್ಪತ್ತೂ ಮುಖಗಳು ನಗುತ್ತಿದ್ದವು. ನಾನು ಅವಳ ಪಕ್ಕದಲ್ಲಿ ಮೊಬೈಲು ಹಿಡಿದು ನಿಂತು, ಹೌದೆಂದು ತಲೆ ಅಲ್ಲಾಡಿಸುತ್ತಿದ್ದೆ.