ನಮ್ಮ ನಡುಮನೆಯಲ್ಲಿ ಹಾದುಹೋಗುವ ಗೆರೆಯ ಬಗ್ಗೆ

ನಗರ ಕಚೇರಿಯ ಅರ್ಜಿ ಪರಿಶೀಲನಾಧಿಕಾರಿಗಳಿಗೆ,

ಮಾನ್ಯರೇ,

ತಮಗೂ, ತಮ್ಮ ಕೆಂಪು ಶಾಯಿಯ ಪೆನ್ನಿಗೂ ಐದು ತಿಂಗಳ ಹೆಣ್ಣುಮಗುವಿನ ತಾಯಿಯ ಗೌರವಪೂರ್ವಕ ನಮಸ್ಕಾರಗಳು. ಮಗು ಈಗಷ್ಟೇ ಮಲಗಿದೆ. ಎದ್ದರೆ ಯಾವುದಾದರೂ ವಾಕ್ಯ ಅರ್ಧಕ್ಕೇ ನಿಲ್ಲಬಹುದು, ಅದನ್ನೂ ಅರ್ಜಿಯ ದೋಷವೆಂದು ಎಣಿಸಬಾರದೆಂದು ಮೊದಲೇ ಬೇಡಿಕೊಳ್ಳುತ್ತೇನೆ.

ತಮಗೆ ತಿಳಿದಿರುವಂತೆ, ಎರಡು ವಾರ್ಡುಗಳನ್ನು ಬೇರೆ ಮಾಡುವ ಗೆರೆ ನಮ್ಮ ಬಾಡಿಗೆ ಮನೆಯೊಳಗೇ, ಸರಿಯಾಗಿ ಹೇಳಬೇಕೆಂದರೆ ಫ್ರಿಜ್ಜಿಗೂ ತೊಟ್ಟಿಲಿಗೂ ನಡುವೆ, ಹಾದುಹೋಗುತ್ತದೆ. ಮಗುವಿಗೆ ನಾಲ್ಕು ತಿಂಗಳಿಗೇ ಆಗಬೇಕಿದ್ದ ಚುಚ್ಚುಮದ್ದನ್ನು ಯಾವ ವಾರ್ಡಿನ ನರ್ಸ್ ಹಾಕಬೇಕೆಂದು ತಾವು ಬರೆದುಕೊಡಬೇಕು. ಇಷ್ಟೇ ವಿಷಯ. ಇಷ್ಟಕ್ಕೆ ನಾಲ್ಕು ವಾರ ಹಿಡಿದಿರುವುದು ತಮ್ಮ ಇಂಗ್ಲಿಷ್ ನಿಷ್ಠೆಯಿಂದ ಎಂಬುದನ್ನು ಮನೆಯವರೆಲ್ಲ ಸೇರಿ ಕೊಂಡಾಡುತ್ತಿದ್ದೇವೆ.

ಇಂಗ್ಲಿಷಿನಲ್ಲೇ ತುಂಬಬೇಕಾದ ಮೊದಲ ಅರ್ಜಿಯಲ್ಲಿ ನಾನು ‘ಬಾರ್ಡರ್’ ಎಂದು ಬರೆದಿದ್ದೆ. “ಬಾರ್ಡರ್ ಅಂದ್ರೆ ದೇಶದ್ದು ಮೇಡಂ, ನಿಮ್ಮನೇಲಿ ಏನು ಸೈನಿಕರಿದ್ದಾರಾ? ಬೌಂಡರಿ ಅಂತ ಬರ್ಕೊಂಡು ಬನ್ನಿ” ಎಂದು ಕೌಂಟರಿನವರು ತಿದ್ದಿದರು. ಬೌಂಡರಿ ಎಂದು ಬರೆದರೆ, ಅದು ಕಾಂಪೌಂಡ್ ಗೋಡೆಗೆ ಹೇಳುವ ಮಾತೆಂದು ತಾವು ಕೆಂಪು ಸುತ್ತು ಹಾಕಿದಿರಿ. ತಾವೇ ಸೂಚಿಸಿದ ‘ಲಿಮಿಟ್’ ಬರೆದು ಮೂರನೆಯ ಸಲ ಬಂದಾಗ ‘ನಾರ್ತ್ ವಾರ್ಡ್’ನ ಮೊದಲಕ್ಷರ ಸಣ್ಣದಾಗಿತ್ತು, ಸಣ್ಣದಾದರೆ ಅದು ಬರೀ ದಿಕ್ಕು, ದೊಡ್ಡದಾದರೆ ಮಾತ್ರ ಊರಿನ ಭಾಗ, ದಿಕ್ಕಿಗೆ ನರ್ಸ್ ಇರುವುದಿಲ್ಲ ಎಂದು ಷರಾ ಬರೆದಿರಿ. ಇಂಗ್ಲಿಷನ್ನೇ ಓದಿ ಪದವಿ ಪಡೆದ ನನಗೆ ಮೂರು ವರ್ಷದಲ್ಲಿ ಯಾರೂ ಇದನ್ನು ಕಲಿಸಿರಲಿಲ್ಲ. ನಮೂನೆಯ ತಲೆಯ ಮೇಲೇ ‘ಎಲ್ಲವನ್ನೂ ದೊಡ್ಡಕ್ಷರಗಳಲ್ಲೇ ತುಂಬತಕ್ಕದ್ದು’ ಎಂದಿದ್ದುದನ್ನು ಕಂಡು ನಾಲ್ಕನೆಯದನ್ನು ಹಾಗೆಯೇ ತುಂಬಿದೆ. ಎಲ್ಲವೂ ದೊಡ್ಡದಾದ ಮೇಲೆ ದಿಕ್ಕು ಯಾವುದು, ವಾರ್ಡ್ ಯಾವುದು ತಿಳಿಯುವುದಿಲ್ಲವೆಂದು ಅದೂ ಹಿಂದಿರುಗಿತು. ಇಂಥ ಸೂಕ್ಷ್ಮದೃಷ್ಟಿಗೆ ಕೈಮುಗಿಯದೆ ಇನ್ನೇನು ಮಾಡಲಿ?

ಈ ನಡುವೆ ಪಕ್ಕದ ಬೀದಿಯ ಮಗುವಿಗೆ, ಆ ಚುಚ್ಚುಮದ್ದು ತಡೆಯುವ ನಾಯಿಕೆಮ್ಮೇ ಬಂದಿದೆ. ನನ್ನ ಮಗಳು ಒಂದು ಸಲ ಸೀನಿದರೆ ಸಾಕು, ಅವಳ ಎದೆಗೆ ಕಿವಿಯಿಟ್ಟು ಕೂತುಬಿಡುತ್ತೇನೆ. ನಿದ್ದೆ ಎಂಬುದನ್ನು ಕಂಡು ಎಷ್ಟು ದಿನವಾಯಿತೋ. ಆ ಕೆಮ್ಮು ವಾರ್ಡ್ ದಾಟುವ ಮುನ್ನ ಯಾರ ಸಹಿ ಪಡೆಯುತ್ತದೆ ಎಂದು ದಯವಿಟ್ಟು ತಿಳಿಸಿ. ಅದರ ಅರ್ಜಿಯನ್ನೂ ತಾವೇ ನೋಡುವುದಾದರೆ ನನಗೆ ಬೇರೆ ಮದ್ದೇ ಬೇಡ.

ಇನ್ನೊಂದು ತಪ್ಪೊಪ್ಪಿಗೆ. ಮಗು ಹೋದ ವಾರ ಮಗುಚಿಕೊಳ್ಳಲು ಕಲಿತಿದೆ. ಚಾಪೆಯ ಮೇಲೆ ಬಿಟ್ಟರೆ ಉರುಳಿ ಉರುಳಿ ಒಂದು ವಾರ್ಡಿನಿಂದ ಇನ್ನೊಂದಕ್ಕೆ ಹೋಗುತ್ತದೆ, ಯಾರ ಅನುಮತಿಯನ್ನೂ ಕೇಳುವುದಿಲ್ಲ. “ಮಗು ಮಗ್ಗುಲು ಬದಲಾಯಿಸೋಕೂ ಅರ್ಜಿ ಹಾಕ್ಬೇಕೇನೇ?” ಎಂದು ನಮ್ಮತ್ತೆ ನನ್ನನ್ನೇ ಗದರುತ್ತಾರೆ. ಆದ್ದರಿಂದ ತಮ್ಮಲ್ಲಿ ಬಿನ್ನಹವೇನೆಂದರೆ, ಚಾಪೆಯ ಪಕ್ಕ ಒಬ್ಬ ಸಿಬ್ಬಂದಿಯನ್ನು ನೇಮಿಸಿ, ಮಗು ಗೆರೆ ದಾಟಿದಾಗಲೆಲ್ಲ ಹೊಸ ನಮೂನೆ ಕೊಡಿಸಬೇಕು. ಆಗದಿದ್ದರೆ ಆ ಗೆರೆಯನ್ನು ಮೊಳದಷ್ಟು ಅಡುಗೆಮನೆಯ ಕಡೆ ಸರಿಸಬೇಕು. ಹಾಲು ಕಾಯಿಸುವಾಗ ಗೆರೆಯನ್ನೂ ನಾನೇ ನೋಡಿಕೊಳ್ಳುತ್ತೇನೆ.

ತಮ್ಮ ವಿಶ್ವಾಸಿ,
ಮಗುವಿನ ತಾಯಿ
(ವಾಸಸ್ಥಳ: ತಮ್ಮ ಪರಿಶೀಲನೆಯಲ್ಲಿದೆ)

ವಿ.ಸೂ.: ಇದನ್ನು ಲಕೋಟೆಗೆ ಹಾಕುವಷ್ಟರಲ್ಲಿ ಆಚೆ ವಾರ್ಡಿನ ನರ್ಸಮ್ಮ ಬಂದರು. ನಾನು ಗೆರೆಯ ಕಥೆ ಶುರುಮಾಡಿದರೆ, “ಅದಿರ್ಲಿ ಬಿಡಮ್ಮಾ, ಮೊದ್ಲು ಕಾಲು ಗಟ್ಟಿಯಾಗಿ ಹಿಡ್ಕೋ” ಎಂದು ಚುಚ್ಚಿಯೇಬಿಟ್ಟರು. ಕಾರ್ಡಿನಲ್ಲಿ ‘ಸ್ಥಳ’ ಎಂದಿರುವ ಕಡೆ ನಮ್ಮ ಭಾಷೆಯಲ್ಲೇ ‘ತಾಯಿಯ ಮಡಿಲು’ ಎಂದು ಬರೆದು ಸಹಿ ಮಾಡಿದ್ದಾರೆ. ಅದರಲ್ಲಿ ದೊಡ್ಡಕ್ಷರ ಯಾವುದು, ಸಣ್ಣಕ್ಷರ ಯಾವುದು ಎಂದು ತಾವು ನಿಧಾನವಾಗಿ ಹುಡುಕಿ, ನಮಗಿನ್ನು ಅವಸರವಿಲ್ಲ.