ಶಿಬಿರದ ದಿನ ಗೈರುಹಾಜರಾದ ಸಂಧಿವಾತ ಮಹಾಶಯರಿಗೆ

ಮಾನ್ಯ ಸಂಧಿವಾತ ಮಹಾಶಯರೇ,

ಕಾಣಿಯೂರಿನ ನಮ್ಮ ಮನೆಯ ಸಮಸ್ತರ ಪರವಾಗಿ, ಬಗ್ಗಲಿಕ್ಕೆ ಆಗುವವರು ಬಗ್ಗಿ, ಆಗದವಳು ನಿಂತಲ್ಲಿಂದಲೇ, ತಮಗೆ ನಮಸ್ಕಾರ ಸಲ್ಲಿಸುತ್ತಿದ್ದೇವೆ. ಕೆಲವು ವರ್ಷಗಳ ಹಿಂದೆ ನನ್ನ ಹೆಂಡತಿ ಕುಮುದಿನಿಯ ಬೆರಳ ಗಂಟುಗಳಿಗೆ ಅತಿಥಿಯಾಗಿ ಬಂದ ತಾವು, ಮೆಲ್ಲನೆ ಮಣಿಕಟ್ಟು, ಭುಜ, ಮೊಣಕಾಲುಗಳಿಗೂ ಸಂಸಾರ ವಿಸ್ತರಿಸಿಕೊಂಡು, ಊರಿಗೆಲ್ಲ ರವಿಕೆ ಹೊಲಿಯುತ್ತಿದ್ದವಳ ಕತ್ತರಿಯನ್ನು ಕಪಾಟಿಗೆ ಸೇರಿಸಿದಿರಿ. ಅಂತಹ ಶ್ರದ್ಧೆಯನ್ನು ನಾನು ಯಾವ ಕಚೇರಿಯಲ್ಲೂ ಕಂಡವನಲ್ಲ. ಭಾನುವಾರವಿಲ್ಲ, ಹಬ್ಬವಿಲ್ಲ, ಬೆಳಕು ಹರಿಯುವ ಮುಂಚೆಯೇ ಹಾಜರಿ, ಕೀಲು ಕೀಲಿಗೂ ತಮ್ಮದೇ ಉಸ್ತುವಾರಿ.

ಇಂತಹ ತಾವು, ಕಳೆದ ತಿಂಗಳು ಪುತ್ತೂರಿನಲ್ಲಿ ನಡೆದ ಅಂಗವಿಕಲರ ತಪಾಸಣಾ ಶಿಬಿರದ ದಿನ ಮಾತ್ರ ಹೇಳದೆ ಕೇಳದೆ ತಪ್ಪಿಸಿಕೊಂಡದ್ದೇಕೆ? ತಮಗೆ ರಜೆ, ನಮಗೆ ಸಜೆ. ತಾವು ಅವಳ ಮೈಯಲ್ಲಿ ವಾಸವಾಗಿದ್ದೀರಿ ಎಂದು ಶಿಬಿರದ ವೈದ್ಯಕೀಯ ಮಂಡಳಿಯವರು ಬರೆದುಕೊಟ್ಟರೆ ಮಾಸಾಶನ. ಮಾಸಾಶನ ಬಂದರೆ ತಮ್ಮನ್ನು ಹತೋಟಿಯಲ್ಲಿಡುವ ಇಂಜೆಕ್ಷನ್ ತಪ್ಪದೆ ನಡೆದೀತು. ಇದನ್ನು ತಿಳಿದೇ ತಾವು ಜಾರಿಕೊಂಡಿರೋ ಎಂಬ ಸಂಶಯವೂ ನನಗುಂಟು.

ಪೂರ್ತಿ ತಪ್ಪು ತಮ್ಮದೇ ಎನ್ನಲಾರೆ. ದೊಡ್ಡವರ ಮುಂದೆ ಹೋಗುವಾಗ ಇದ್ದುದರಲ್ಲಿ ಒಳ್ಳೆಯ ಸೀರೆ ಉಡುವುದು ನಮ್ಮ ಕಡೆಯ ಮರ್ಯಾದೆ. ಆ ಸೀರೆಗೆ ನೆರಿಗೆ ಹಿಡಿದವಳು ನನ್ನ ತಂಗಿ ಭವಿತಾ, ರವಿಕೆಯ ಹುಕ್ಕು ಹಾಕಿದವನು ನಾನು, ಕುಮುದಿನಿಯ ಕೈ ಭುಜದಿಂದ ಮೇಲೆ ಏಳದ ಕಾರಣ ಮಲ್ಲಿಗೆ ಮುಡಿಸಿದವಳೂ ಭವಿತಾ. ಅಷ್ಟರಲ್ಲಿ ಬಿಸಿಲೇರಿ, ಮಾತ್ರೆಯೂ ಕೆಲಸ ಮಾಡಿ, ತಾವು ಕೊಂಚ ಸಡಿಲಾದಿರಿ. ಅವಳು ನೆಟ್ಟಗೆ ನಡೆದು ಒಳಗೆ ಹೋದಳು. ವೈದ್ಯರು ಹೇಗಿದ್ದೀರಿ ಎಂದು ವಿಚಾರಿಸಿದರು. ಹಾಗೆ ವಿಚಾರಿಸಿದವರ ಮುಂದೆ ನೋವಿನ ಗಂಟು ಬಿಚ್ಚುವುದು ನಮ್ಮಲ್ಲಿ ಸಭ್ಯತೆಯಲ್ಲವಷ್ಟೆ.

"ಹುಷಾರಿದ್ದೇನೆ ಡಾಕ್ಟ್ರೆ, ನೀವು ಹುಷಾರಾ?" ಎಂದುಬಿಟ್ಟಳು.

ಯಾವ ರೋಗಿಯೂ ಕೇಳದ ಪ್ರಶ್ನೆಯನ್ನು ಕೇಳಿಸಿಕೊಂಡ ವೈದ್ಯರು ಸ್ವಂತ ಸೊಂಟನೋವಿನ ಕಥೆಯನ್ನು ಸಾವಕಾಶವಾಗಿ ಹೇಳಿ, ಅವಳು ಪಾಪ ಎಂದು ಮರುಗಿದ ಮೇಲೆ, 'ಉಡುಗೆ ತೊಡುಗೆ ಸ್ವತಃ ಮಾಡಿಕೊಳ್ಳಬಲ್ಲರು; ತೊಂದರೆ ಕಾಣುವುದಿಲ್ಲ' ಎಂದು ಬರೆದು ಮೊಹರು ಒತ್ತಿದರು. ನನ್ನ ಮತ್ತು ಭವಿತಾಳ ಕೈಚಳಕಕ್ಕೆ ಸಿಕ್ಕ ಮೊದಲ ಸರಕಾರಿ ಪ್ರಶಸ್ತಿ ಇದು.

ಜೊತೆಗೆ ಬಂದಿದ್ದ ಪಕ್ಕದ ಮನೆಯ ನೆಬೀಸ ಬಸ್ಸಿನಲ್ಲಿ ಬಿಡಲಿಲ್ಲ. "ನೀನೆಂತ ಮಾರಾಯ್ತಿ, ಪೆನ್ಶನಿಗೆ ಹೋದದ್ದಾ, ಗಂಡಿನ ಕಡೆಯವರಿಗೆ ಮುಖ ತೋರಿಸ್ಲಿಕ್ಕೆ ಹೋದದ್ದಾ?" ಎಂದು ಕೇಳಿ, ಮುಂದಿನ ಸಲ ಹಳೆಯ ನೈಟಿ, ಕೆದರಿದ ತಲೆ, ಬಾಗಿಲಿನಿಂದಲೇ ನರಳಾಟ ಎಂದು ಪಾಠ ಹೇಳಿಕೊಟ್ಟಳು. ಕುಮುದಿನಿ ಕಿಟಕಿಯ ಕಡೆ ತಿರುಗಿ, "ನೋವುಂಟು ನೆಬೀಸ, ನಾಟಕ ಬರುದಿಲ್ಲ" ಎಂದಳು.

ಬರುವ ಬುಧವಾರ ಮರುತಪಾಸಣೆ. ಆದಕಾರಣ ಅಂದು ತಾವು ಕಚೇರಿ ವೇಳೆಯಲ್ಲಿ, ಊಟದ ವಿರಾಮ ಬಿಟ್ಟು, ಆಧಾರ್ ಕಾರ್ಡಿನೊಂದಿಗೆ ಖುದ್ದಾಗಿ ಹಾಜರಿದ್ದು, ಸಾಧ್ಯವಾದರೆ ದೂರಕ್ಕೂ ಕಾಣುವ ಗಾಢ ನೀಲಿ ಬಣ್ಣ ತಾಳಬೇಕಾಗಿ ಪ್ರಾರ್ಥನೆ. ಅದು ಕಷ್ಟವಾದರೆ ಮಂಡಳಿಯವರೇ ಒಂದು ಬೆಳಿಗ್ಗೆ ನಮ್ಮಲ್ಲಿಗೆ ಬಂದು, ಅವಳ ಬೆರಳು ಲೋಟ ಹಿಡಿಯಲು ಒಪ್ಪುವವರೆಗೆ ಕಾಯಲಿ. ಚಹಾ ನಾನೇ ಮಾಡುತ್ತೇನೆ. ಅದೂ ಆಗದಿದ್ದರೆ, ಬಂದು ಹೋಗಿ ಮಾಡುವ ಕಾಯಿಲೆಯನ್ನು ಒಂದೇ ನೋಟದಲ್ಲಿ ಅಳೆಯುವುದನ್ನು ಬಿಟ್ಟು, ವರ್ಷಗಟ್ಟಲೆ ಮದ್ದು ಕೊಟ್ಟ ವೈದ್ಯರ ಮಾತಿಗೂ ಬೆಲೆ ಕೊಡುವ ನಿಯಮ ಮಾಡಲಿ. ಅದನ್ನೇ ಕೋರಿ ಸುಳ್ಯ, ಕಡಬ, ಪುತ್ತೂರುಗಳ ತಮ್ಮ ಆತಿಥೇಯರೆಲ್ಲ ಮನವಿಗೆ ಸಹಿ ಹಾಕುತ್ತಿದ್ದಾರೆ. ಸಹಿಗಳು ಸೊಟ್ಟಗಿದ್ದರೆ ಅದು ತಮ್ಮದೇ ಕೈವಾಡ.

ತಮ್ಮ ವಿಶ್ವಾಸಿ ಎನ್ನಲು ನಾಲಗೆ ಹೊರಳದ,
ಉದಯ
ಕಾಣಿಯೂರು

ವಿ.ಸೂ.: ಮಂಡಳಿಯ ಬರಹದಂತೆ ತಾವು ಕುಮುದಿನಿಯ ಮೈಯಲ್ಲಿ ಇಲ್ಲವೇ ಇಲ್ಲ. ಮೊಹರು ಸಹಿತ ಪ್ರತಿಯನ್ನು ಲಗತ್ತಿಸಿದ್ದೇನೆ. ಸರಕಾರದ ಮಾತನ್ನು ನಾವು ಪಾಲಿಸಿದ್ದಾಯಿತು. ಬುಧವಾರ ಹಾಜರಾಗುವ ಮನಸ್ಸಿಲ್ಲದಿದ್ದರೆ ಇನ್ನು ತಾವೂ ಪಾಲಿಸಿ, ಅಷ್ಟರೊಳಗೆ ಕೀಲುಗಳನ್ನು ಖಾಲಿ ಮಾಡಿಕೊಡಬೇಕು.