ಮೇಣದ ಡಬ್ಬಕ್ಕೆ ಗಡಿಪಾರು

ಹೆಂಡತಿ: ಹಾಲಿನ ಪಾತ್ರೆ ಅಂದ್ರೆ ಹಾಲಿಗೆ ಇರೋದು ರೀ. ಇಷ್ಟು ವರ್ಷ ಸಂಸಾರ ಮಾಡಿದ ಮೇಲೆ ಇದನ್ನೂ ನಾನು ಹೇಳ್ಕೊಡಬೇಕಾ?

ಗಂಡ: ಪಾತ್ರೆಗೆ ನಾನು ಹಾಕಿದ್ದು ಬರೀ ನೀರು ಕಣೇ. ನೀರೊಳಗೆ ಒಂದು ಹಳೇ ಡಬ್ಬಿ, ಡಬ್ಬಿಯೊಳಗೆ ಮೇಣ. ಮೇಣಾನ ನೇರ ಉರಿ ಮೇಲೆ ಇಡಬಾರದು, ಹೊತ್ಕೊಂಡುಬಿಡುತ್ತೆ.

ಹೆಂಡತಿ: ಮತ್ತೆ ಬೆಳಿಗ್ಗೆ ನನ್ನ ಟೀ ಮೇಲೆ ತೇಲ್ತಾ ಇದ್ದದ್ದೇನು?

ಗಂಡ: ಡಬ್ಬಿ ಒಂದೇ ಒಂದು ಸಲ ವಾಲಿತು.

ಹೆಂಡತಿ: ನಾನು ಕೆನೆ ಅಂತ ಕುಡಿದೆ.

ಗಂಡ: ಹೇಗಿತ್ತು?

ಗಂಡ ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತನಾದವನು. ಹೆಂಡತಿ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಬೀದಿಯ ಅರ್ಧ ಜನಕ್ಕೆ ಬಟ್ಟೆ ಹೊಲಿಯುವವಳು. ಸ್ಟೀರಿಂಗ್ ಬಿಟ್ಟ ಕೈಗೆ ಏನಾದರೂ ಕೆಲಸ ಬೇಕಲ್ಲ. ಕರೆಂಟು ಹೋದಾಗ ಉರಿಸಿ ಉಳಿದ ಮೇಣದಬತ್ತಿಯ ತುಂಡುಗಳನ್ನು ಕೂಡಿಡುವುದು, ಕರಗಿಸುವುದು, ಹೊಸ ಬತ್ತಿ ಮಾಡುವುದು ಅವನಿಗೆ ಅಂಟಿದ ಗೀಳು. ತುಂಡುಗಳೆಲ್ಲ ಒಂದು ದೊಡ್ಡ ಬಿಸ್ಕತ್ತಿನ ಡಬ್ಬದಲ್ಲಿದ್ದವು. ಆ ಡಬ್ಬ ಈಗ ಬಾಗಿಲ ಬಳಿ, ಕಸದ ಬುಟ್ಟಿಯ ಪಕ್ಕದಲ್ಲಿ ಕೂತಿತ್ತು. ಕಸದ ಗಾಡಿ ಐದು ಗಂಟೆಗೆ ಬರುತ್ತದೆ.

ಗಂಡ: ಮೂರು ವರ್ಷದ ಶ್ರಮ ಅದು.

ಹೆಂಡತಿ: ಮೂರು ವರ್ಷದಲ್ಲಿ ನೀವು ಮಾಡಿದ್ದು ಹನ್ನೊಂದು ಬತ್ತಿ. ಅದರಲ್ಲಿ ಉರಿದದ್ದು ಎರಡು.

ಗಂಡ: ಮೂರು.

ಹೆಂಡತಿ: ಮೂರನೇದರಲ್ಲಿ ಉರಿದದ್ದು ಮೇಜಿನ ಬಟ್ಟೆ.

ಗಂಡ: ಅದು ದಾರದ ತಪ್ಪು. ನೈಲಾನ್ ದಾರ ಬತ್ತಿಗೆ ಆಗಲ್ಲ. ನೀನು ಹತ್ತಿ ದಾರ ಕೊಟ್ಟಿದ್ರೆ...

ಹೆಂಡತಿ: ನಾನು ಕೊಟ್ಟಿದ್ದಾ? ನನ್ನ ರೀಲಿನಿಂದ ನೀವು ಕದ್ದಿದ್ದು.

ಗಂಡ: ಗಂಡ ಹೆಂಡತಿ ಮಧ್ಯೆ ಕದಿಯೋದು ಅನ್ನೋ ಮಾತೇ ಬರಲ್ಲ.

ಹೆಂಡತಿ: ಬರುತ್ತೆ. ಈಗ ತಾನೇ ಬಂತು. ದೀಪದ ಬುಡ ಕತ್ತಲೆ ಅಂತಾರೆ. ನಮ್ಮನೇಲಿ ದೀಪದ ಬುಡ, ಮೇಜಿನ ಬುಡ, ಒಲೆ ಬುಡ ಎಲ್ಲಾ ಮೇಣ. ಸಾಕು. ಇವತ್ತು ಆ ಡಬ್ಬ ಹೋಗುತ್ತೆ, ಇಲ್ಲ ನಾನು ಯಂತ್ರ ಹೊತ್ಕೊಂಡು ತಂಗಿ ಮನೆಗೆ ಹೋಗ್ತೀನಿ.

ಗಂಡ ಮೆಲ್ಲಗೆ ಅಡುಗೆಮನೆಗೆ ಸರಿದ. ಅದಕ್ಕೆ ಕಾರಣ ಬೇರೆ ಇತ್ತು. ಬೆಳಿಗ್ಗೆಯಿಂದ ಸಿಂಕಿನಲ್ಲಿ ನೀರು ಇಳಿದಿರಲಿಲ್ಲ. ಹೆಂಡತಿ ಇಡೀ ದಿನ ಯಂತ್ರದ ಮುಂದೆ ಕೂತಿದ್ದರಿಂದ ಅವಳಿಗೆ ಗೊತ್ತಾಗಿರಲಿಲ್ಲ. ಅವನು ಗುಟ್ಟಾಗಿ ಪ್ಲಂಬರಿಗೆ ಫೋನ್ ಮಾಡಿದ್ದ. ಅವಳೋ ನಾಲ್ಕು ಗಂಟೆಗೆ ಪ್ಯಾಂಟು ಹೊಲಿಸಲು ಬರುತ್ತೇನೆಂದು ಫೋನಿನಲ್ಲಿ ಹೇಳಿದ್ದ ಹೊಸ ಗಿರಾಕಿಗಾಗಿ ಕಾಯುತ್ತಿದ್ದಳು. ನಾಲ್ಕಕ್ಕೆ ಸರಿಯಾಗಿ ಬಾಗಿಲು ಬಡಿದವನು ಪ್ಲಂಬರ್. ಹೆಗಲಿಗೆ ದೊಡ್ಡ ಚೀಲ.

ಹೆಂಡತಿ: ಬನ್ನಿ ಬನ್ನಿ, ನಿಮಗೇ ಕಾಯ್ತಿದ್ದೆ. ಫೋನಲ್ಲಿ ಮಾತಾಡಿದ್ದು ನೀವೇ ತಾನೆ?

ಪ್ಲಂಬರ್: ನಾನೇ ಅಕ್ಕ. ಎಲ್ಲಿ ತೊಂದರೆ?

ಹೆಂಡತಿ: ಅದನ್ನ ನೀವು ಹೇಳ್ಬೇಕು. ಎಲ್ಲಿ ಬಿಗಿ ಆಗ್ತಿದೆ?

ಪ್ಲಂಬರ್: ನೋಡದೆ ಹೇಗೆ ಹೇಳ್ಲಿ? ಸಾಮಾನ್ಯವಾಗಿ ಕೆಳಗಡೆ, ಬಾಗೋ ಜಾಗದಲ್ಲಿ.

ಹೆಂಡತಿ: ಅಂದ್ರೆ ಮೊಣಕಾಲ ಹತ್ರ. ಕೂತು ಏಳೋ ಕೆಲಸಾನಾ ನಿಮ್ದು?

ಪ್ಲಂಬರ್: ದಿನಾ ಅದೇ ಅಕ್ಕ. ಬಗ್ಗಿ ಬಗ್ಗಿ ಸೊಂಟ ಬಿದ್ದುಹೋಗಿದೆ.

ಹೆಂಡತಿ: ಬಿದ್ದಿಲ್ಲ, ಬೆಳೆದಿದೆ. ನಲವತ್ತು.

ಅಷ್ಟರಲ್ಲಿ ಅವಳ ಟೇಪು ಅವನ ಸೊಂಟವನ್ನು ಸುತ್ತಿ ಆಗಿತ್ತು. ಪ್ಲಂಬರ್ ಚೀಲ ಕೆಳಗಿಟ್ಟು ಒಮ್ಮೆ ಟೇಪನ್ನೂ ಒಮ್ಮೆ ಅವಳನ್ನೂ ನೋಡಿದ.

ಹೆಂಡತಿ: ಸ್ವಲ್ಪ ನೆಟ್ಟಗೆ ನಿಲ್ಲಿ. ಹೊಟ್ಟೆ ಒಳಗೆ ಎಳ್ಕೋಬೇಡಿ, ಆಮೇಲೆ ನಿಮಗೇ ಕಷ್ಟ.

ಪ್ಲಂಬರ್: ಸಿಂಕಿನ ಕೆಳಗೆ ಹಿಡಿಸ್ತೀನೋ ಇಲ್ವೋ ಅಂತ ನೋಡ್ತಿದ್ದೀರಾ ಅಕ್ಕ? ಹಿಡಿಸ್ತೀನಿ. ಇದಕ್ಕಿಂತ ಇಕ್ಕಟ್ಟಲ್ಲಿ ತೂರಿದ್ದೀನಿ.

ಹೆಂಡತಿ: ಯಾವ ಸಿಂಕು?

ಅಡುಗೆಮನೆಯ ಬಾಗಿಲಲ್ಲಿ ಗಂಡ ಕಾಣಿಸಿಕೊಂಡ. ಕೈಯಲ್ಲಿ ಒದ್ದೆ ಕೋಲು.

ಹೆಂಡತಿ: ರೀ, ಯಾವ ಸಿಂಕು?

ಗಂಡ: ನಮ್ಮನೇಲಿ ಇರೋದು ಒಂದೇ.

ಹೆಂಡತಿ: ಅದಕ್ಕೇನಾಗಿದೆ?

ಗಂಡ: ಏನೂ ಆಗಿಲ್ಲ. ನೀರು ನಿಂತಿದೆ. ನಿಧಾನವಾಗಿ ಹೋಗುತ್ತೆ.

ಹೆಂಡತಿ: ಎಷ್ಟು ನಿಧಾನ?

ಗಂಡ: ಬೆಳಿಗ್ಗೆಯಿಂದ.

ಅವಳು ಟೇಪನ್ನು ಕೊರಳಿಗೆ ಹಾಕಿಕೊಂಡು ಅಡುಗೆಮನೆಗೆ ನಡೆದಳು. ಸಿಂಕಿನಲ್ಲಿ ಕೊಳೆನೀರು ಅಂಚಿನವರೆಗೆ ನಿಂತಿತ್ತು. ಅವಳು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಪ್ಲಂಬರನ ದನಿ ಬಂತು.

ಪ್ಲಂಬರ್: ಯಜಮಾನ್ರೇ, ಒಂದು ನಿಮಿಷ. ಚೀಲ ತೆಗೆಯೋಕೆ ಆಗ್ತಿಲ್ಲ. ಜಿಪ್ಪು ಹಿಡ್ಕೊಂಡಿದೆ. ಪಾನಾ ಎಲ್ಲಾ ಒಳಗಿದೆ.

ಗಂಡ: ಎಳೀಬೇಡಿ, ಕಿತ್ತುಬರುತ್ತೆ. ತಡೀರಿ.

ಅವನು ಬಾಗಿಲ ಬಳಿ ಓಡಿ ಡಬ್ಬದಿಂದ ಒಂದು ತುಂಡು ಆರಿಸಿ ತಂದ. ಜಿಪ್ಪಿನ ಹಲ್ಲುಗಳ ಮೇಲೆ ನಾಲ್ಕು ಸಲ ಆಚೆಈಚೆ ಉಜ್ಜಿ, ಮೆಲ್ಲಗೆ ಹಿಂದೆಮುಂದೆ ಆಡಿಸಿದ. ಜಿಪ್ಪು ಸರ್ರನೆ ಜಾರಿತು.

ಪ್ಲಂಬರ್: ಎರಡು ತಿಂಗಳಿಂದ ಇದನ್ನ ಹಲ್ಲಲ್ಲಿ ಕಚ್ಚಿ ಎಳೀತಿದ್ದೆ.

ಗಂಡ: ಕೇಳಿಸ್ಕೊಂಡ್ಯಾ? ಜಿಪ್ಪಿಗೆ, ಬಿಗಿಯಾದ ಡ್ರಾಯರಿಗೆ, ಮರಕ್ಕೆ ಹಾಕೋ ಸ್ಕ್ರೂಗೆ, ಎಲ್ಲದಕ್ಕೂ...

ಹೆಂಡತಿ: ಸಿಂಕಿಗೂ. ಅದನ್ನ ಯಾಕೆ ಬಿಟ್ರಿ?

ಪ್ಲಂಬರ್ ಅಂಗಾತ ಮಲಗಿ ಸಿಂಕಿನ ಕೆಳಗೆ ತೂರಿದ. ಸೊಂಟದ ಬಳಿ ಒಂದಿಷ್ಟು ಸಿಕ್ಕಿಕೊಂಡು, ಆಮೇಲೆ ಒಳಗೆ ಹೋದ. ಪೈಪಿನ ಮೇಲೆ ಪಾನಾ ತಟ್ಟುವ ಸದ್ದು, ಬಕೆಟ್ಟಿಗೆ ನೀರು ಬೀಳುವ ಸದ್ದು.

ಪ್ಲಂಬರ್: (ಒಳಗಿನಿಂದ) ಮೇಣ. ಕಲ್ಲಿನ ಹಾಗೆ ಕೂತಿದೆ.

ಹೆಂಡತಿ: ಬಿಸಿ ಮೇಣಾನ ಸಿಂಕಿಗೆ ಸುರೀತಾರಾ ಯಾರಾದ್ರೂ? ಒಳಗೆ ಹೋಗಿ ತಣ್ಣಗಾಗಿ ಗಟ್ಟಿ ಆಗುತ್ತೆ ಅಂತ ಚಿಕ್ಕ ಮಕ್ಕಳಿಗೂ ಗೊತ್ತು. ತಲೆಯಲ್ಲಿ ಒಂಚೂರು ಬುದ್ಧಿ ಇರೋರು ಮಾಡೋ ಕೆಲಸಾನಾ ಇದು?

ಗಂಡ: ಪಾತ್ರೆ ತೊಳೆಯೋವಾಗ ಸ್ವಲ್ಪ ಹೋಗಿರಬೇಕು.

ಹೆಂಡತಿ: ಸ್ವಲ್ಪ ಸ್ವಲ್ಪ ಅಂತಲೇ ಎಲ್ಲಾ ಹಾಳಾಗೋದು.

ಗಂಡ: ಆಯ್ತು ಬಿಡು. ನೀನು ಹೇಳಿದ್ದೇ ಸರಿ. ನನ್ನಿಂದ ನಿನಗೆ ಕಷ್ಟ ಆಯ್ತು. ಡಬ್ಬ ಹೋಗ್ಲಿ.

ಅವನು ತಾನೇ ಹೋಗಿ ಡಬ್ಬವನ್ನು ಎತ್ತಿಕೊಂಡ. ಇಷ್ಟು ಸುಲಭವಾಗಿ ಸೋಲುತ್ತಾನೆಂದು ಅವಳು ಎಣಿಸಿರಲಿಲ್ಲ. ಮಾತಿಗೆ ಮಾತು ಕೊಟ್ಟಿದ್ದರೆ ಅವಳಿಗೂ ಹಾಯಾಗಿರುತ್ತಿತ್ತು. ಬೀದಿಯ ತುದಿಯಲ್ಲಿ ಕಸದ ಗಾಡಿಯ ಗಂಟೆ ಕೇಳಿಸಿತು. ಪ್ಲಂಬರ್ ತೆವಳುತ್ತ ಹೊರಗೆ ಬಂದ. ಅವನ ಅಂಗೈಯಲ್ಲಿ ಪೈಪಿನ ಬಾಗಿಗೆ ತಕ್ಕಂತೆ ಬಾಗಿದ ಒಂದು ಉಂಡೆ ಇತ್ತು.

ಪ್ಲಂಬರ್: ಯಜಮಾನ್ರೇ, ನಿಮ್ಮ ಡಬ್ಬದಲ್ಲಿರೋದು ಯಾವ ಬಣ್ಣ?

ಗಂಡ: ಬಿಳಿ. ಬಣ್ಣದ್ದು ನಾನು ಮುಟ್ಟಲ್ಲ.

ಪ್ಲಂಬರ್: ಇದು ನೀಲಿ.

ಗಂಡ ಉಂಡೆಯನ್ನು ಬೆಳಕಿಗೆ ಹಿಡಿದು ನೋಡಿದ. ಒಳ್ಳೆ ಗಾಢ ನೀಲಿ. ಆಮೇಲೆ ಹೆಂಡತಿಯ ಕಡೆ ತಿರುಗಿದ. ಅವಳು ಕೊರಳಿನ ಟೇಪನ್ನು ಬಹಳ ಶ್ರದ್ಧೆಯಿಂದ ಸುತ್ತುತ್ತಿದ್ದಳು.

ಗಂಡ: ಏನೇ ಇದು?

ಹೆಂಡತಿ: ಗುಂಡಿ ಹೊಲಿಯೋ ದಾರಕ್ಕೆ ಮೇಣ ಸವರಿದ್ರೆ ಗಂಟು ಬೀಳಲ್ಲ. ಗುಂಡಿ ಗಟ್ಟಿ ನಿಲ್ಲುತ್ತೆ. ಎಲ್ಲಾ ಟೈಲರ್‌ಗಳೂ ಮಾಡ್ತಾರೆ.

ಗಂಡ: ಎಷ್ಟು ದಿನದಿಂದ?

ಹೆಂಡತಿ: ಮೊಮ್ಮಗಳ ಹುಟ್ಟುಹಬ್ಬಕ್ಕೆ ದಪ್ಪ ನೀಲಿ ಕ್ಯಾಂಡಲ್ ತಂದಿದ್ವಲ್ಲ, ಅವತ್ತಿಂದ. ನೀವು ವಾಕಿಂಗ್ ಹೋದಾಗ ಕರಗಿಸಿ ಬಿಲ್ಲೆ ಮಾಡ್ಕೋತಿದ್ದೆ. ನಿನ್ನೆ ನೀವು ಬೇಗ ವಾಪಸ್ ಬಂದ್ರಿ. ಗೇಟಿನ ಸದ್ದು ಕೇಳಿ ಗಾಬರಿಲಿ...

ಗಂಡ: ಸಿಂಕಿಗೆ ಸುರಿದೆ.

ಹೆಂಡತಿ: ಅಷ್ಟು ಬೇಗ ಬರೋದು ನಿಮ್ಮ ತಪ್ಪು.

ಗಂಡ: ನನ್ನ ಹತ್ರ ಡಬ್ಬ ತುಂಬ ಮೇಣ ಇದೆ ಕಣೇ. ಕೇಳಿದ್ರೆ ಕೊಡ್ತಿರಲಿಲ್ವಾ?

ಹೆಂಡತಿ: ಕೇಳಿದ್ರೆ ನನ್ನ ಮಾತು ಎಲ್ಲಿ ಉಳೀತಿತ್ತು? ಮೂರು ವರ್ಷದಿಂದ ಬೈಕೊಂಡು ಬಂದಿದ್ದೀನಿ.

ಗಂಡನಿಗೆ ಬೈಯುವ ಹಕ್ಕು ಪೂರ್ತಿ ಸಿಕ್ಕಿತ್ತು. ಬಾಯಿ ತೆರೆದೂ ಇದ್ದ. ಆದರೆ ಬಂದದ್ದು ನಗು. ಪ್ಲಂಬರ್ ಪೈಪನ್ನು ಮತ್ತೆ ಜೋಡಿಸಿ, ಪಾನಾ ಒರೆಸಿ ಚೀಲಕ್ಕೆ ಹಾಕಿಕೊಂಡು, ಜಿಪ್ಪನ್ನು ಸುಮ್ಮನೆ ಎರಡು ಸಲ ತೆಗೆದು ಮುಚ್ಚಿ ಖುಷಿಪಟ್ಟ.

ಗಾಡಿ ಬಾಗಿಲ ಮುಂದೆ ನಿಂತು ಗಂಟೆ ಬಾರಿಸಿತು. ಹೆಂಡತಿ ಗಂಡನ ಕೈಯಿಂದ ಡಬ್ಬ ಕಿತ್ತುಕೊಂಡು ಕಂಕುಳಲ್ಲಿ ಇರುಕಿಕೊಂಡು, ಕಿಟಕಿಯಿಂದ ಕೂಗಿದಳು.

ಹೆಂಡತಿ: ಇವತ್ತು ಏನೂ ಇಲ್ಲ. ಮುಂದೆ ಹೋಗಪ್ಪ.

ಗಂಡ ನೀಲಿ ಉಂಡೆಯನ್ನು ನಲ್ಲಿಯ ಕೆಳಗೆ ತೊಳೆದ. ನೀರು ಗಳಗಳನೆ ಇಳಿದುಹೋಯಿತು. ಉಂಡೆಯನ್ನು ಒರೆಸಿ, ದೊಡ್ಡ ಮನಸ್ಸಿನಿಂದ ಡಬ್ಬದ ಮುಚ್ಚಳ ತೆಗೆದು ಒಳಗೆ ಹಾಕಹೊರಟ. ಅವಳು ಅವನ ಮಣಿಕಟ್ಟು ಹಿಡಿದಳು.

ಹೆಂಡತಿ: ಅದು ಬೇರೆ ಇರ್ಲಿ. ನಿಮ್ಮ ಬಿಳಿ ಸೇರಿದ್ರೆ ನನ್ನ ನೀಲಿ ಕೆಟ್ಟುಹೋಗುತ್ತೆ.